ಕೌರವನ ಪತನವೂ ಪ್ರೇಕ್ಷಕನ ಸುಖವೂ

ರುದ್ರನಾಟಕದ ಸುಖವೆಂಬುದು ಹೆಸರಿನಲ್ಲಿಯೇ ವಿರೋಧವನ್ನು ಹೊತ್ತ ವಸ್ತು. ನೆರೆಮನೆಯಲ್ಲಿ ಸಾವಾದರೆ ಮನುಷ್ಯನು ಸಂಕಟಪಡುತ್ತಾನೆ. ರೈಲ್ವೆ ಹಳಿಯ ಮೇಲೆ ಅಪಘಾತವಾದರೆ ಮುಖ ತಿರುಗಿಸಿಕೊಂಡು ಹೋಗುತ್ತಾನೆ. ಅದೇ ಮನುಷ್ಯನು ಹಣ ಕೊಟ್ಟು, ಎರಡು ರೈಲು ಬದಲಾಯಿಸಿ ಮಾಟುಂಗಕ್ಕೋ ದಾದರಿಗೋ ಬಂದು, ತೊಡೆ ಮುರಿದು ಬಿದ್ದ ಕೌರವನನ್ನು ರಂಗದ ಮೇಲೆ ಕಂಡು ಕಣ್ಣೊರೆಸಿಕೊಳ್ಳುತ್ತಾನೆ; ಆಟ ಮುಗಿದ ಮೇಲೆ ‘ಬಹಳ ಚೆನ್ನಾಗಿತ್ತು’ ಎನ್ನುತ್ತಾನೆ. ಲಾಭನಷ್ಟದ ಲೆಕ್ಕದಲ್ಲಿ ಈ ವ್ಯವಹಾರಕ್ಕೆ ಅರ್ಥವೇ ಇಲ್ಲ. ಕಣ್ಣೀರನ್ನು ಕೊಂಡು ತಂದವನು ಸುಖವನ್ನು ಪಡೆದೆನೆಂದು ಹೇಳುವುದಾದರೆ, ಆ ಮಾತು ಸುಳ್ಳಾಗಿರಬೇಕು, ಇಲ್ಲವೆ ಆ ಕಣ್ಣೀರು ಬೇರೆ ಜಾತಿಯದಾಗಿರಬೇಕು.

ಪ್ರಶ್ನೆ ಹೊಸದಲ್ಲ. ಕಾರ್ಥೇಜಿನ ನಾಟಕಶಾಲೆಗಳಲ್ಲಿ ತಾರುಣ್ಯವನ್ನು ಕಳೆದ ಸಂತ ಅಗಸ್ಟೀನನು, ತಾನು ಅನುಭವಿಸಲು ಒಲ್ಲದ ದುಃಖವನ್ನು ಮನುಷ್ಯನು ನೋಡಲು ಬಯಸುವುದೇಕೆಂದು ತನ್ನ ಆತ್ಮಕಥನದಲ್ಲಿ ಕೇಳಿ, ಅದೊಂದು ಬಗೆಯ ಹುಚ್ಚೆಂದು ತೀರ್ಮಾನಿಸಿದನು. 1757ರಲ್ಲಿ ಡೇವಿಡ್ ಹ್ಯೂಮನು ಇದೇ ಪ್ರಶ್ನೆಯ ಮೇಲೆ ಪ್ರಬಂಧವನ್ನು ಬರೆದು, ಕವಿಯ ವಾಕ್‌ಶಕ್ತಿಯ ಸೊಗಸು ದುಃಖದ ವೇಗವನ್ನೇ ತನ್ನ ಕಡೆಗೆ ತಿರುಗಿಸಿಕೊಳ್ಳುತ್ತದೆಂದನು. ನಮ್ಮ ಆಲಂಕಾರಿಕರಲ್ಲಿ ಹದಿನಾಲ್ಕನೆಯ ಶತಮಾನದ ವಿಶ್ವನಾಥನು ಪ್ರಶ್ನೆಯನ್ನೇ ಮಗುಚಿ ಹಾಕಿದನು: ಕರುಣರಸವು ದುಃಖವೇ ಆಗಿದ್ದರೆ ಯಾರೂ ಅದರ ಕಡೆಗೆ ಸುಳಿಯುತ್ತಿರಲಿಲ್ಲ, ರಾಮಾಯಣವು ಲೋಕಕ್ಕೆ ದುಃಖಕಾರಣವೆನಿಸುತ್ತಿತ್ತು, ಸಹೃದಯರ ಅನುಭವವೇ ಇಲ್ಲಿ ಪ್ರಮಾಣ. ಅನುಭವವನ್ನು ಪ್ರಮಾಣವಾಗಿಟ್ಟದ್ದು ಸರಿಯೇ. ಆದರೆ ಜನರು ಹೋಗುತ್ತಾರೆಂಬುದರಿಂದ ಹೋಗುವುದು ಏಕೆಂಬುದು ತಿಳಿದಂತಾಗಲಿಲ್ಲ.

ಮುಂಬಯಿಯ ಕನ್ನಡಿಗರಿಗೆ ಇದು ಕೇವಲ ಶಾಸ್ತ್ರದ ಪ್ರಶ್ನೆಯಲ್ಲ. ವಾರವೆಲ್ಲ ದುಡಿದು ದಣಿದ ನಗರದ ಪ್ರೇಕ್ಷಕನಿಗೆ ನಗು ಬೇಕು, ಅಳುವಿನ ನಾಟಕಕ್ಕೆ ಆತನು ಬರುವುದಿಲ್ಲವೆಂಬ ಮಾತು ಸಂಘಸಂಸ್ಥೆಗಳ ನಾಟಕದ ಆಯ್ಕೆಯ ಸಭೆಗಳಲ್ಲಿ ಸಿದ್ಧಾಂತವಾಗಿ ನಿಂತುಬಿಟ್ಟಿದೆ. ಈ ಸಿದ್ಧಾಂತಕ್ಕೆ ಆಧಾರವೆಷ್ಟೆಂಬುದನ್ನು ನೋಡಬೇಕು. ಗಡ್ಕರಿಯವರ ‘ಏಕಚ್ ಪ್ಯಾಲಾ’ ರಂಗಕ್ಕೆ ಬಂದುದು 1919ರಲ್ಲಿ. ಶಿರ್ವಾಡಕರರ ‘ನಟಸಮ್ರಾಟ್’ ಬಂದುದು 1970ರಲ್ಲಿ. ಎರಡನ್ನೂ ಮರಾಠಿ ಪ್ರೇಕ್ಷಕರು ತಲೆಯ ಮೇಲೆ ಹೊತ್ತರು. ಕನ್ನಡಿಗರ ಕಡೆಗೆ ಬಂದರೆ, ಪತ್ತನಾಜೆ ಕಳೆದು ಊರಿನಲ್ಲಿ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಇಲ್ಲಿಗೆ ಬರುವ ಯಕ್ಷಗಾನ ತಂಡಗಳ ಪ್ರಸಂಗಗಳಲ್ಲಿ ಕರ್ಣಪರ್ವ, ಗದಾಪರ್ವ, ಅಭಿಮನ್ಯು ಕಾಳಗ, ವಾಲಿವಧೆಗಳಿಗೆ ಹಿರಿಯ ಸ್ಥಾನವುಂಟು. ಹೋಟೆಲಿನ ಕೆಲಸ ಮುಗಿಸಿ ಬಂದವನಿಗಿಂತ ದಣಿದ ಪ್ರೇಕ್ಷಕನು ಎಲ್ಲಿದ್ದಾನೆ? ಅವನು ಕರ್ಣನ ಸಾವನ್ನು ಕಣ್ಣು ಮಿಟುಕದೆ ನೋಡುತ್ತಾನೆ. ದಣಿವು ಮತ್ತು ನಗೆಯ ಸಂಬಂಧವನ್ನು ಕುರಿತ ಸಿದ್ಧಾಂತವು ಅವನನ್ನು ಕೇಳಿ ಹುಟ್ಟಿದ್ದಲ್ಲ.

ಮೊದಲು ಹೆಸರಿನ ವಿಚಾರ. ಗ್ರೀಕರ ಈ ನಾಟಕಪ್ರಕಾರಕ್ಕೆ ಬಿ.ಎಂ. ಶ್ರೀಕಂಠಯ್ಯನವರು ‘ರುದ್ರನಾಟಕ’ವೆಂಬ ಹೆಸರನ್ನು ಬಳಕೆಗೆ ತಂದರು, ‘ದುರಂತ’ವೆಂಬುದು ಪಕ್ಕದಲ್ಲಿಯೇ ಬೆಳೆದು ಇಂದು ಹೆಚ್ಚು ಪ್ರಚಾರದಲ್ಲಿದೆ. ಮರಾಠಿಯಲ್ಲಿಯೂ ಶೋಕಾಂತಿಕೆ, ಶೋಕಾತ್ಮಿಕೆ ಎಂಬ ಎರಡು ಹೆಸರುಗಳು ಇದೇ ತಕರಾರಿನಿಂದ ಹುಟ್ಟಿದವು. ದುರಂತವೆಂದಾಗ ದೃಷ್ಟಿಯೆಲ್ಲ ಕಡೆಯ ಅಂಕದ ಮೇಲೆ ನಿಲ್ಲುತ್ತದೆ: ಯಾರು ಸತ್ತರು, ಎಷ್ಟು ಮಂದಿ ಸತ್ತರು ಎಂಬುದು ಮುಖ್ಯವಾಗುತ್ತದೆ. ಆದರೆ ಸಾಫೊಕ್ಲೀಸನ ‘ಫಿಲೊಕ್ಟೀಟಿಸ್’ ಸಾವಿನಲ್ಲಿ ಮುಗಿಯುವುದಿಲ್ಲ. ಈಸ್ಕಿಲಸನ ‘ಯುಮೆನಿಡೀಸ್’ ಸಂಧಿಯಲ್ಲಿ ಮುಗಿಯುತ್ತದೆ. ಅವೂ ಆ ಜಾತಿಯ ನಾಟಕಗಳೇ. ರುದ್ರವೆಂಬ ಪದದಲ್ಲಿ ಅಳುವೂ ಇದೆ, ಭಯವೂ ಇದೆ, ದೈವದ ಹತ್ತಿರ ನಿಂತ ಅನುಭವವೂ ಇದೆ. ಸುಖವನ್ನು ಹುಡುಕಬೇಕಾದುದು ಅಂತ್ಯದಲ್ಲಲ್ಲ, ನಾಟಕದ ಉದ್ದಕ್ಕೂ ಎಂಬುದನ್ನು ಆ ಹೆಸರು ನೆನಪಿಸುತ್ತದೆ. ಶ್ರೀಯವರ ಪದವು ಹಿಂದೆ ಬಿದ್ದುದು ಭಾಷೆಗಾದ ನಷ್ಟ.

ಈ ಪ್ರಕಾರವನ್ನು ಕನ್ನಡಕ್ಕೆ ತರುವಾಗ ಶ್ರೀಯವರು ಮೊದಲು ಗ್ರೀಸಿಗೆ ಹೋಗದೆ ರನ್ನನ ಬಳಿಗೆ ಹೋದುದು ಗಮನಾರ್ಹ. 1926ರ ‘ಗದಾಯುದ್ಧ ನಾಟಕಂ’ ರನ್ನನ ಪದ್ಯಗಳನ್ನೇ ಆರಿಸಿ ಹೊಂದಿಸಿ ಕಟ್ಟಿದ ಕೃತಿ. ಹತ್ತನೆಯ ಶತಮಾನದ ಕೊನೆಯಲ್ಲಿ ರನ್ನನು ಕಾವ್ಯವನ್ನು ಬರೆದುದು ಭೀಮನಿಗಾಗಿ. ಭೀಮನೊಡನೆ ತನ್ನ ಆಶ್ರಯದಾತ ಚಾಲುಕ್ಯ ಸತ್ಯಾಶ್ರಯನನ್ನು ಸಮೀಕರಿಸಿ, ಕಾವ್ಯಕ್ಕೆ ‘ಸಾಹಸಭೀಮವಿಜಯ’ವೆಂಬ ಹೆಸರನ್ನೂ ಇಟ್ಟನು. ಆದರೆ ಓದುಗನ ಮನಸ್ಸನ್ನು ಕೊಂಡೊಯ್ಯುವವನು ಸೋತವನು. ಸಂಜಯನೊಡನೆ ರಣರಂಗವನ್ನು ದಾಟುವ ದುರ್ಯೋಧನನು ದ್ರೋಣನ ಶವವನ್ನು ಕಾಣುತ್ತಾನೆ. ಮಗ ಲಕ್ಷಣಕುಮಾರನನ್ನು, ದುಶ್ಶಾಸನನನ್ನು, ಕರ್ಣನನ್ನು ಒಬ್ಬೊಬ್ಬರನ್ನಾಗಿ ಕಂಡು ನಿಂತು ಹಲುಬುತ್ತಾನೆ. ನಡುವೆ ಶತ್ರುವಿನ ಮಗನಾದ ಅಭಿಮನ್ಯುವಿನ ಶವದ ಮುಂದೆಯೂ ನಿಂತು ಆ ಹುಡುಗನ ಸಾಹಸವನ್ನು ಹೊಗಳಿ, ಅಂಥ ಸಾವು ತನಗೂ ದೊರೆಯಲೆಂದು ಬಯಸುತ್ತಾನೆ. ಆ ಒಂದು ಕ್ಷಣದಲ್ಲಿ ಭಾರತಕಥೆಯ ಖಳನಾಯಕನು ಕೈಬಿಟ್ಟುಹೋಗಿ ಬೇರೊಬ್ಬನು ಎದ್ದು ನಿಲ್ಲುತ್ತಾನೆ.

ಅರಿಸ್ಟಾಟಲನ ‘ಕಾವ್ಯಮೀಮಾಂಸೆ’ಯ ಹದಿಮೂರನೆಯ ಅಧ್ಯಾಯಕ್ಕೆ ಈ ಸನ್ನಿವೇಶವು ಒಳ್ಳೆಯ ಪರೀಕ್ಷೆ. ಅತಿ ಸಜ್ಜನನ ಪತನವು ಜುಗುಪ್ಸೆಯನ್ನು ಹುಟ್ಟಿಸುತ್ತದೆ; ಅತಿ ದುರ್ಜನನ ಪತನವು ನ್ಯಾಯವೆನಿಸಬಹುದು, ಕರುಣೆಯನ್ನಾಗಲಿ ಭಯವನ್ನಾಗಲಿ ಹುಟ್ಟಿಸದು; ನಡುವಿನವನಾಗಿ ಯಾವುದೋ ಒಂದು ತಪ್ಪಿನಿಂದ ಬಿದ್ದವನೇ ನಾಯಕನಾಗಲು ಅರ್ಹನೆಂದು ಅಲ್ಲಿ ಹೇಳಿದೆ. ಅರಗಿನ ಮನೆಗೆ ಬೆಂಕಿಯಿಡಿಸಿದವನು, ತುಂಬಿದ ಸಭೆಗೆ ದ್ರೌಪದಿಯನ್ನು ಎಳೆತರಿಸಿದವನು ನಡುವಿನವನೆ? ರನ್ನನು ಆ ಪಾಪಗಳಲ್ಲಿ ಒಂದನ್ನೂ ಮುಚ್ಚಿಡುವುದಿಲ್ಲ. ಭೀಮನ ಬಾಯಿಂದ ಎಲ್ಲವನ್ನೂ ಹೇಳಿಸುತ್ತಾನೆ. ಆದರೂ ಕೊಳದ ತಣ್ಣೀರಿನಲ್ಲಿ ಅಡಗಿ ಕುಳಿತವನಿಗೆ ಭೀಮನ ಮಾತು ಕೇಳಿ ಕೋಪದಿಂದ ಮೈ ಬೆವರುವಾಗ ಓದುಗನು ದಡದಲ್ಲಿರುವುದಿಲ್ಲ, ನೀರಿನಲ್ಲಿರುತ್ತಾನೆ. ಕವಿಯು ಗುಣದೋಷಗಳನ್ನು ತಕ್ಕಡಿಯಲ್ಲಿ ತೂಗಿ ನಡುವಿನವನನ್ನು ಸೃಷ್ಟಿಸಲಿಲ್ಲ. ದೋಷವನ್ನು ಇದ್ದಲ್ಲಿಯೇ ಬಿಟ್ಟು, ಅದಕ್ಕೆ ಕಾರಣವಾದ ಛಲವನ್ನೇ ದೊಡ್ಡದು ಮಾಡಿದನು. ಯಾವ ಛಲ ಸಂಧಿಯನ್ನು ಒಲ್ಲದೆ ವಂಶವನ್ನು ಕೊಂದಿತೋ ಅದೇ ಛಲ, ಎಲ್ಲರೂ ಸತ್ತ ಮೇಲೆ ಒಬ್ಬನೇ ಎದ್ದು ಗದೆ ಹಿಡಿಯುವ ಶಕ್ತಿಯೂ ಆಗುತ್ತದೆ. ತಪ್ಪೂ ಹಿರಿಮೆಯೂ ಒಂದೇ ಬೇರಿನವಾದಾಗ ಪ್ರೇಕ್ಷಕನಿಗೆ ‘ಹೀಗಾಗಬಾರದಿತ್ತು’ ಎಂದೂ ‘ಹೀಗಲ್ಲದೆ ಆಗುವಂತಿರಲಿಲ್ಲ’ ಎಂದೂ ಏಕಕಾಲದಲ್ಲಿ ತೋರುತ್ತದೆ. ಈ ಎರಡು ತೋರಿಕೆಗಳು ಕೂಡುವ ಸ್ಥಳವೇ ರುದ್ರನಾಟಕದ ಸುಖದ ಮೂಲ.

ರನ್ನನ ಕಾವ್ಯದ ಅಕ್ಷವು ಭೀಮನ ಪ್ರತಿಜ್ಞೆಯೇ, ದುರ್ಯೋಧನನನ್ನು ರುದ್ರನಾಯಕನನ್ನಾಗಿ ಕಾಣುವುದು ಗ್ರೀಕ್ ನಾಟಕಗಳನ್ನು ಓದಿ ಬಂದ ಕಣ್ಣಿನ ದೋಷವೆಂದು ವಾದಿಸಬಹುದು. ಕಾವ್ಯದ ಮಟ್ಟಿಗೆ ಈ ಆಕ್ಷೇಪಣೆಯಲ್ಲಿ ತಿರುಳಿದೆ. ಆದರೆ ಗ್ರೀಕರ ಹೆಸರನ್ನೇ ಕೇಳದ ಯಕ್ಷಗಾನದ ಪ್ರೇಕ್ಷಕನೂ ಗದಾಪರ್ವದಲ್ಲಿ ಕೌರವನನ್ನೇ ನೋಡಲು ಬರುತ್ತಾನೆಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಬಡಗುತಿಟ್ಟಿನಲ್ಲಿ ಕೆರೆಮನೆ ಶಿವರಾಮ ಹೆಗಡೆಯವರ ಹೆಸರು ನಿಂತುದು ಕೌರವನಂಥ ಪಾತ್ರಗಳಿಂದ. ಇನ್ನು ಸಂಸ್ಕೃತದಲ್ಲಿಯೂ, ತಿರುವನಂತಪುರದ ಗಣಪತಿ ಶಾಸ್ತ್ರಿಗಳು 1912ರಿಂದ ಪ್ರಕಟಿಸಿದ ಭಾಸನ ನಾಟಕಗಳಲ್ಲಿ ‘ಊರುಭಂಗ’ವಿದೆ. ರಂಗದ ಮೇಲೆ ಸಾವನ್ನು ತೋರಿಸಬಾರದೆಂಬ ನಿಷೇಧವನ್ನು ಮೀರಿದ ಆ ಏಕಾಂಕದಲ್ಲಿ, ಪುಟ್ಟ ಮಗ ದುರ್ಜಯನು ಎಂದಿನಂತೆ ತಂದೆಯ ತೊಡೆಯೇರಲು ಬರುತ್ತಾನೆ, ತಂದೆಗೆ ತೊಡೆಯಿಲ್ಲ. ಇದಕ್ಕೆ ವ್ಯಾಖ್ಯಾನ ಬೇಡ. ಆದರೆ ಇದನ್ನು ಕಂಡವನು ಎದ್ದು ಹೊರಗೆ ಹೋಗದೆ, ಮುಂದಿನ ಮಾತಿಗೆ ಕಿವಿಗೊಟ್ಟು ಕೂರುವುದೇಕೆ?

ಇಲ್ಲಿ ಗ್ರೀಸಿನದೇ ಒಂದು ಘಟನೆ ದಾರಿ ತೋರಿಸುತ್ತದೆ. ಕ್ರಿ.ಪೂ. 494ರಲ್ಲಿ ಪಾರಸಿಕರು ಮಿಲೇಟಸ್ ನಗರವನ್ನು ಹಿಡಿದು ಹಾಳುಮಾಡಿದರು. ಅದು ಅಥೆನ್ಸಿನವರಿಗೆ ಬಂಧುಗಳ ನಗರ. ಕೆಲವೇ ವರ್ಷಗಳಲ್ಲಿ ಫ್ರಿನಿಕಸನೆಂಬ ಕವಿ ಮಿಲೇಟಸ್ಸಿನ ಪತನವನ್ನೇ ನಾಟಕವಾಗಿ ಆಡಿಸಿದನು. ನಾಟಕಶಾಲೆಗೆ ನಾಟಕಶಾಲೆಯೇ ಅತ್ತುಬಿಟ್ಟಿತು. ಕವಿಗೆ ಬಹುಮಾನ ಬರಲಿಲ್ಲ. ಸ್ವಂತದ ಕೇಡನ್ನು ನೆನಪಿಸಿದನೆಂದು ಸಾವಿರ ಡ್ರಾಕ್ಮಗಳ ದಂಡ ಬಿದ್ದಿತು, ಆ ನಾಟಕವನ್ನು ಇನ್ನಾರೂ ಆಡಕೂಡದೆಂದು ಆಜ್ಞೆಯಾಯಿತು. ಹಿರಾಡಟಸನು ಹೇಳಿದ ಈ ಸಂಗತಿಯ ಪಕ್ಕದಲ್ಲಿ ಇನ್ನೊಂದನ್ನು ಇಡಬೇಕು. ಕ್ರಿ.ಪೂ. 480ರಲ್ಲಿ ಸಾಲಮಿಸ್ಸಿನ ಕಡಲಿನಲ್ಲಿ ಗ್ರೀಕರು ಅದೇ ಪಾರಸಿಕರನ್ನು ಸೋಲಿಸಿದರು. 472ರಲ್ಲಿ ಈಸ್ಕಿಲಸನು ಆ ಸೋಲಿನ ಶೋಕವನ್ನು ಶತ್ರುವಿನ ಅರಮನೆಯಲ್ಲಿ ನಿಂತು, ರಾಜಮಾತೆಯ ಕಣ್ಣಿನಿಂದ ತೋರಿಸಿದನು. ಗೆದ್ದವರು ಸೋತವರ ಗೋಳನ್ನು ಕುಳಿತು ಕೇಳಿದರು. ಕವಿಗೆ ಬಹುಮಾನ ಕೊಟ್ಟರು. ಶ್ರೀಯವರು 1935ರಲ್ಲಿ ‘ಪಾರಸಿಕರು’ ಎಂದು ಕನ್ನಡಕ್ಕೆ ತಂದುದು ಈ ನಾಟಕವನ್ನೇ.

ಅಳು ಎರಡು ಕಡೆಯೂ ಇತ್ತು. ಒಂದು ಕಡೆ ಅದು ದಂಡಕ್ಕೆ ಕಾರಣವಾಯಿತು, ಇನ್ನೊಂದು ಕಡೆ ಬಹುಮಾನಕ್ಕೆ. ಹಾಗಾದರೆ ಸುಖವನ್ನು ಅಳುವಿನ ಪ್ರಮಾಣದಿಂದ ಅಳೆಯಲಾಗದು. ಮನಸ್ಸಿನಲ್ಲಿ ತುಂಬಿದ್ದು ಹೊರಗೆ ಹರಿದು ಹಗುರವಾಗುವುದೇ ಸುಖವೆಂದು ‘ಕಥಾರ್ಸಿಸ್’ ಎಂಬ ಪದಕ್ಕೆ ವೈದ್ಯಶಾಸ್ತ್ರದ ಅರ್ಥವನ್ನು ಹೇಳುವವರು ಬಹುಮಂದಿ. ಅಷ್ಟೇ ಆಗಿದ್ದರೆ ಫ್ರಿನಿಕಸನ ಪ್ರೇಕ್ಷಕರು ಎಲ್ಲರಿಗಿಂತ ಹಗುರವಾಗಿ ಮನೆಗೆ ಹೋಗಬೇಕಾಗಿತ್ತು.

ಅಥೆನ್ಸಿನ ಈ ಎರಡು ಘಟನೆಗಳಿಗೆ ಸಮಾಧಾನವು ಕಾಶ್ಮೀರದಲ್ಲಿ ದೊರೆಯುತ್ತದೆ. ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದ ವ್ಯಾಪಾರವನ್ನು ಅಭಿನವಗುಪ್ತನು ಮುಂದುವರಿಸಿ, ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ಬಾಣಕ್ಕೆ ಬೆದರಿ ಓಡುವ ಜಿಂಕೆಯನ್ನು ಉದಾಹರಿಸುತ್ತಾನೆ. ಅಲ್ಲಿಯ ಭಯವು ಆ ಜಿಂಕೆಯದೂ ಅಲ್ಲ, ನೋಡುವವನದೂ ಅಲ್ಲ, ಆ ದಿನದ್ದೂ ಅಲ್ಲ. ದೇಶಕಾಲಗಳ ಕಟ್ಟು ಕಳಚಿ ಭಯವೆಂಬುದೇ ಕಣ್ಣಮುಂದೆ ನಿಲ್ಲುತ್ತದೆ. ‘ಇದು ನನ್ನದು’ ಎಂದುಕೊಂಡರೆ ಪ್ರೇಕ್ಷಕನು ಅದನ್ನು ಕಳೆದುಕೊಳ್ಳಲು ಹವಣಿಸುತ್ತಾನೆ. ‘ಇದು ಅವನದು’ ಎಂದುಕೊಂಡರೆ ಉದಾಸೀನನಾಗುತ್ತಾನೆ, ಇಲ್ಲವೆ ಒಳಗೊಳಗೆ ಹಿಗ್ಗುತ್ತಾನೆ. ಎರಡೂ ರಸಕ್ಕೆ ವಿಘ್ನ. ಸ್ವಂತ ಸುಖದುಃಖಗಳಿಗೆ ವಶನಾಗುವುದನ್ನು ಅಭಿನವನು ಏಳು ವಿಘ್ನಗಳಲ್ಲಿ ಒಂದಾಗಿ ಎಣಿಸಿದ್ದಾನೆ. ಮಿಲೇಟಸ್ಸಿನ ನಾಟಕದಲ್ಲಿ ಆದುದು ಈ ವಿಘ್ನವೇ: ದುಃಖವು ಪ್ರೇಕ್ಷಕರದಾಗಿಯೇ ಉಳಿಯಿತು. ‘ಪಾರಸಿಕರು’ ನಾಟಕದಲ್ಲಿ ಕವಿ ಗೆದ್ದುದು ಎದುರಿನ ವಿಘ್ನವನ್ನು. ಶತ್ರುವಿನ ದುಃಖವೆಂಬ ಹಿಗ್ಗು ಅಲ್ಲಿ ತಲೆಯೆತ್ತಲು ಎಲ್ಲ ಅವಕಾಶವಿತ್ತು. ಅದು ದುಃಖ ಮಾತ್ರವಾಯಿತು. ಭೀಮನ ಕಾವ್ಯದಲ್ಲಿ ದುರ್ಯೋಧನನಿಗಾಗಿ ಅಳುವಂತೆ ಮಾಡಿದ ರನ್ನನು ಈ ದೃಷ್ಟಿಯಿಂದ ಈಸ್ಕಿಲಸನ ನೆರೆಯವನು. ಶ್ರೀಯವರು ಈ ಇಬ್ಬರನ್ನೂ ಆರಿಸಿಕೊಂಡುದು ಆಕಸ್ಮಿಕವಾಗಿರಲಾರದು. ನಡುವೆ 1929ರಲ್ಲಿ ಅವರು ಸಾಫೊಕ್ಲೀಸನ ‘ಏಜಾಕ್ಸ್’ನ ಜಾಡಿನಲ್ಲಿ ‘ಅಶ್ವತ್ಥಾಮನ್’ ಬರೆದಾಗ ಚಿರಂಜೀವಿಯನ್ನು ಕೊಲ್ಲಬಹುದೆ ಎಂಬ ತಕರಾರು ಎದ್ದಿತು. ಪುರಾಣದ ದೃಷ್ಟಿಯಿಂದ ತಕರಾರು ನ್ಯಾಯವಾದುದೇ. ಆದರೆ ಅಲ್ಲಿಯೂ ಕವಿಯ ಆಯ್ಕೆ ಬಿದ್ದುದು ಎಲ್ಲರೂ ಶಪಿಸಿದವನ ಮೇಲೆಂಬುದನ್ನು ಮರೆಯಲಾಗದು.

ಸಾಧಾರಣೀಕರಣವೆಂದರೆ ಪ್ರೇಕ್ಷಕನು ತನ್ನ ಬಾಳನ್ನು ಚಪ್ಪಲಿಯೊಡನೆ ಬಾಗಿಲಲ್ಲಿ ಬಿಟ್ಟು ಬರಬೇಕೆಂದಲ್ಲ. ವಾಸನೆಯಿಲ್ಲದವನಿಗೆ ರಸವಿಲ್ಲವೆಂದು ಶಾಸ್ತ್ರವೇ ಹೇಳುತ್ತದೆ. ಮುಂಬಯಿಯ ಪ್ರೇಕ್ಷಕನ ವಿಷಯದಲ್ಲಿ ಈ ಮಾತು ಮುಖ್ಯ. ಹತ್ತು ಹನ್ನೆರಡು ವಯಸ್ಸಿಗೆ ತಾಯಿಯನ್ನು ಬಿಟ್ಟು ಹಡಗೇರಿ ಬಂದು, ಕೋಟೆಯ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಹಿಂದಿನ ಪೀಳಿಗೆಯವರಿಗೆ, ತಾಯಿ ನೀರಿನಲ್ಲಿ ತೇಲಿಬಿಟ್ಟ ಕರ್ಣನ ಕಥೆ ಪುರಾಣವಷ್ಟೇ ಆಗಿರಲಿಲ್ಲ. ಯುದ್ಧದ ಮುನ್ನಾದಿನ ಕುಂತಿ ಬಂದು ನಿಂತಾಗ ಕರ್ಣನ ಪಾತ್ರಧಾರಿ ಆಡುವ ಮಾತು ಅವರ ಒಳಗಿನ ಯಾವುದೋ ಹಳೆಯ ಗಂಟನ್ನು ಮುಟ್ಟುತ್ತಿತ್ತು. ಆದರೆ ಮುಟ್ಟುವುದು ಬೇರೆ, ಬಿಚ್ಚಿ ಹರಡುವುದು ಬೇರೆ. ಆ ಕ್ಷಣದಲ್ಲಿ ಪ್ರೇಕ್ಷಕನು ತನ್ನ ತಾಯಿಯನ್ನೂ ಊರಿಗೆ ಕಳುಹಿಸಬೇಕಾದ ಮನಿಯಾರ್ಡರನ್ನೂ ನೆನೆದುಕೊಂಡರೆ ರಂಗವು ಕಣ್ಣಿನಿಂದ ಮರೆಯಾಗುತ್ತದೆ. ಆತನು ಕರ್ಣನನ್ನೇ ನೋಡುತ್ತಿದ್ದರೆ, ತನ್ನೊಬ್ಬನದೇ ಎಂದುಕೊಂಡಿದ್ದ ಅನಾಥತ್ವವು ಹಿರಿದಾದ ರೂಪದಲ್ಲಿ, ಮಾತಿನ ಪಾಂಗಿನಲ್ಲಿ, ಚೆಂಡೆಯ ಪೆಟ್ಟಿನಲ್ಲಿ, ನೂರಾರು ಮಂದಿಯ ನಡುವೆ ಎದ್ದು ನಿಲ್ಲುತ್ತದೆ. ಹೆಸರಿಲ್ಲದೆ ಕೊರೆಯುತ್ತಿದ್ದುದಕ್ಕೆ ಆಕಾರ ಬರುತ್ತದೆ. ಶವ, ಕ್ಷುದ್ರಪ್ರಾಣಿ ಮೊದಲಾಗಿ ನೋಡಲು ನೋವಾಗುವ ವಸ್ತುಗಳ ಚಿತ್ರವನ್ನೂ ಜನರು ಹಿಗ್ಗಿನಿಂದ ನೋಡುವುದು ‘ಇದು ಅದೇ’ ಎಂದು ಗುರುತಿಸುವ ಸುಖದಿಂದ ಎಂದು ಅರಿಸ್ಟಾಟಲನು ಹೇಳಿದ್ದನ್ನು ಇಲ್ಲಿಗೆ ಅನ್ವಯಿಸಬಹುದು. ಕಥಾರ್ಸಿಸ್‌ನ ಸುತ್ತ ಬೆಳೆದ ಗ್ರಂಥರಾಶಿಗಿಂತ ಅವನ ಆ ನಾಲ್ಕನೆಯ ಅಧ್ಯಾಯದ ಸರಳವಾದ ಮಾತು ಈ ಪ್ರಶ್ನೆಗೆ ಹೆಚ್ಚು ಉಪಯುಕ್ತ.

ಮರಾಠಿಯ ನ.ಚಿಂ. ಕೇಳಕರರು 1921ರಲ್ಲಿ ಬಡೋದೆಯ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠದಿಂದ ‘ಸವಿಕಲ್ಪ ಸಮಾಧಿ’ ಎಂಬ ಸಿದ್ಧಾಂತವನ್ನು ಮಂಡಿಸಿದರು. ತಾನು ತಾನೇ ಆಗಿ ಉಳಿದುಕೊಂಡೇ ಮತ್ತೊಬ್ಬನ ಬಾಳನ್ನು ಹೊಗುವುದು ವಾಙ್ಮಯದ ಆನಂದವೆಂಬುದು ಅದರ ಸಾರ. ಮುಂಬಯಿಯ ಕನ್ನಡಿಗರು ಮನನ ಮಾಡಬೇಕಾದ ವಿಚಾರವಿದು. ಆದರೆ ಆ ಆನಂದ ವಿನೋದನಾಟಕಕ್ಕೂ ಸಮಾನ. ರುದ್ರನಾಟಕದ್ದೇ ಆದ ವಿಶೇಷವನ್ನು ಅದು ಹೇಳುವುದಿಲ್ಲ.

ಇದಕ್ಕೆ ವಿರುದ್ಧವಾದ ಮತವೂ ನಮ್ಮಲ್ಲಿ ಉಂಟು. ಹನ್ನೆರಡನೆಯ ಶತಮಾನದ ಜೈನ ವಿದ್ವಾಂಸರಾದ ರಾಮಚಂದ್ರ ಗುಣಚಂದ್ರರು ‘ನಾಟ್ಯದರ್ಪಣ’ದಲ್ಲಿ, ಕರುಣವು ದುಃಖಾತ್ಮಕವೇ, ಅದನ್ನು ಸುಖವೆನ್ನುವುದು ಅನುಭವಕ್ಕೆ ವಿರುದ್ಧ, ಜನರು ಮೆಚ್ಚುವುದು ಕವಿಯ ಮತ್ತು ನಟನ ಕೌಶಲವನ್ನು ಎಂದರು. ಅದ್ವೈತದ ಆನಂದದಲ್ಲಿ ಎಲ್ಲವನ್ನೂ ಕರಗಿಸುವವರ ನಡುವೆ ಈ ಖಂಡಿತವಾದ ಮಾತು ಗಾಳಿಬೆಳಕಿನಂತೆ ಬರುತ್ತದೆ. ತಾಳಮದ್ದಳೆಯನ್ನು ಬಲ್ಲವರು ಇದನ್ನು ಸುಲಭವಾಗಿ ತಳ್ಳಿಹಾಕಲಾರರು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಇರುವುದು ಹಾಡು ಮತ್ತು ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ, ಎದೆಯಲ್ಲಿ ಬಾಣ ನೆಟ್ಟವನಾಗಿ, ರಾಮನನ್ನು ಪ್ರಶ್ನಿಸುತ್ತ ಹೋದಾಗ ಸಭೆ ತಲೆದೂಗಿದ್ದು ವಾದದ ಬೆಡಗಿಗೆಂದು ಹೇಳಬಹುದು. ಆದರೆ ವಾದಕ್ಕೆ ಆ ತೂಕ ಬಂದುದು ವಾದಿಸುವವನು ಸಾಯುತ್ತಿದ್ದಾನೆಂಬುದರಿಂದಲೂ, ಪ್ರಶ್ನೆಗೆ ಪೂರ್ಣವಾದ ಉತ್ತರ ದೊರೆಯುವುದಿಲ್ಲವೆಂಬುದರಿಂದಲೂ ಅಲ್ಲವೆ? ಕೌಶಲವನ್ನು ದುಃಖದಿಂದ ಬಿಡಿಸಿ ಬೇರೆ ತಟ್ಟೆಯಲ್ಲಿಡಲು ಬರುವುದಿಲ್ಲ.

ಮೇಲಿನ ಎರಡು ಮರಾಠಿ ನಾಟಕಗಳನ್ನು ಈ ಒರೆಗಲ್ಲಿಗೆ ಹಚ್ಚಿದರೆ ಅವುಗಳ ಭೇದ ಕಾಣುತ್ತದೆ. ‘ಏಕಚ್ ಪ್ಯಾಲಾ’ದಲ್ಲಿ ಮದ್ಯಕ್ಕೆ ಬಲಿಯಾಗುವ ವಕೀಲ ಸುಧಾಕರನ ಪತನಕ್ಕಿಂತ ಸಿಂಧುವಿನ ಸಹನೆಯೇ ಪ್ರೇಕ್ಷಕನನ್ನು ಹಿಡಿಯುತ್ತದೆ, ಸಿಂಧುವಾಗಿ ಬಾಲಗಂಧರ್ವರು ಹಾಡಿದ ಹಾಡು ದುಃಖವನ್ನು ಮೃದುಗೊಳಿಸುತ್ತಿತ್ತು. ಕರುಣೆ ಅಲ್ಲಿ ಯಥೇಚ್ಛವಾಗಿದೆ, ಭಯವು ಕಡಮೆ. ಕುಡಿಯದವನು ‘ಸದ್ಯ, ಇದು ನನ್ನ ಪಾಡಲ್ಲ’ ಎಂದುಕೊಂಡು ಮನೆಗೆ ಹೋಗಬಹುದು. ‘ನಟಸಮ್ರಾಟ್’ನ ಅಪ್ಪಾಸಾಹೇಬ ಬೆಲವಲಕರನಿಂದ ಹಾಗೆ ತಪ್ಪಿಸಿಕೊಳ್ಳುವಂತಿಲ್ಲ. ಇದ್ದುದೆಲ್ಲವನ್ನೂ ಮಕ್ಕಳಿಗೆ ಹಂಚಿ, ಅವರ ಮನೆಗಳಲ್ಲಿ ಬೇಡದವನಾಗುವ ಮುದುಕನ ಕಥೆ ಎರಡು ಕೋಣೆಗಳ ಮನೆಯಲ್ಲಿ ಮೂರು ತಲೆಮಾರು ಬಾಳುವ ಈ ನಗರಕ್ಕೆ ಮಿಲೇಟಸ್ಸಿನಷ್ಟೇ ಹತ್ತಿರದ್ದು. ಫ್ರಿನಿಕಸನ ಗತಿಯೇ ಅದಕ್ಕೂ ಬರಬಹುದಾಗಿತ್ತು. ಬಾರದಂತೆ ಕಾಪಾಡಿದುದು ಆತನು ನಟನೆಂಬ ಸಂಗತಿ. ಮನೆಯ ಜಗಳದ ನಡುವೆ ಆತನು ತಾನು ಆಡಿದ ಹಳೆಯ ಪಾತ್ರಗಳ ಮಾತಿಗೆ ಏರಿಬಿಡುತ್ತಾನೆ. ಶ್ರೀರಾಮ ಲಾಗೂ ಅವರು ಆ ಏರಿಕೆಯನ್ನು ಉಸಿರುಗಟ್ಟಿಸುವಂತೆ ತೋರಿಸಿದರು. ಆಗ ಪ್ರೇಕ್ಷಕನ ಮನೆಯೂ ಬೆಲವಲಕರನ ಮನೆಯೂ ಹಿಂದೆ ಉಳಿದು, ಮುಪ್ಪೆಂಬುದೇ ಎದುರಿಗೆ ಬರುತ್ತದೆ.

ಹೀಗೆ ನೋಡಿದರೆ, ನಗರದ ಪ್ರೇಕ್ಷಕನು ಅಳುವನ್ನು ಒಲ್ಲನೆಂಬ ಸಿದ್ಧಾಂತದಲ್ಲಿ ಒಂದಂಶ ಮಾತ್ರ ನಿಜ. ಆತನು ಒಲ್ಲದಿರುವುದು ತನ್ನದೇ ಅಳುವನ್ನು ಆಕಾರ ಕೊಡದೆ ತನಗೆ ಹಿಂದಿರುಗಿಸುವ ನಾಟಕವನ್ನು. ಬಾಡಿಗೆ ಮನೆ, ಕೆಲಸ ಹೋದ ಮಗ, ಊರಿನಲ್ಲಿ ಪಾಳುಬಿದ್ದ ಹಿರಿಯರ ಮನೆ ಇವನ್ನು ರಂಗದ ಮೇಲೆ ಇದ್ದಂತೆಯೇ ಇಟ್ಟು ಕಣ್ಣೀರನ್ನು ನಿರೀಕ್ಷಿಸುವ ನಾಟಕಗಳು ಸೋತರೆ ಅದಕ್ಕೆ ರುದ್ರರಸವನ್ನು ಹೊಣೆ ಮಾಡಬಾರದು.

ಇನ್ನು ಯಕ್ಷಗಾನದ ಮಾತು. ಊರಿನ ಬಯಲಿನಲ್ಲಿ ರಾತ್ರಿಯಿಡೀ ಆಡುತ್ತಿದ್ದ ಪ್ರಸಂಗವು ಮುಂಬಯಿಯ ಸಭಾಂಗಣದಲ್ಲಿ ಮೂರು ಗಂಟೆಗೆ ಇಳಿಯಬೇಕಾಗುತ್ತದೆ. ಸಭಾಂಗಣದ ಬಾಡಿಗೆಗೂ ಕಡೆಯ ಲೋಕಲ್ ಗಾಡಿಗೂ ಎದುರಾಡುವಂತಿಲ್ಲ. ಕತ್ತರಿಸುವುದು ಅನಿವಾರ್ಯವಾದಾಗ ಏನನ್ನು ಕತ್ತರಿಸಬೇಕೆಂಬ ಪ್ರಶ್ನೆ ಬರುತ್ತದೆ. ಗದಾಪರ್ವದಲ್ಲಿ ಸಾಮಾನ್ಯವಾಗಿ ಕತ್ತರಿಗೆ ಮೊದಲು ಸಿಕ್ಕುವುದು, ಎಲ್ಲರನ್ನೂ ಕಳೆದುಕೊಂಡ ಕೌರವನು ಒಂಟಿಯಾಗಿ ತನ್ನವರನ್ನು ನೆನೆಯುತ್ತ ಕೊಳದತ್ತ ಸಾಗುವ ನಿಧಾನಗತಿಯ ಭಾಗ. ಉಳಿಯುವುದು ಭೀಮನ ಮೂದಲಿಕೆ ಮತ್ತು ಗದೆಗಳ ಸದ್ದು. ಕುಣಿತಕ್ಕೆ ಅವಕಾಶ ಕಡಮೆ, ಚಪ್ಪಾಳೆ ಬೀಳುವುದಿಲ್ಲವೆಂಬುದು ಇದಕ್ಕೆ ಕೊಡುವ ಕಾರಣ. ಆದರೆ ಆ ಭಾಗ ಹೋದ ಮೇಲೆ ತೊಡೆ ಮುರಿದುಕೊಂಡು ಬೀಳುವವನು ಅರಿಸ್ಟಾಟಲನ ಅತಿ ದುರ್ಜನನೇ ಹೊರತು ರನ್ನನ ದುರ್ಯೋಧನನಲ್ಲ. ಯುದ್ಧದ ಸುತ್ತುಗಳಲ್ಲಿ ಎರಡನ್ನು ಕಡಮೆ ಮಾಡಿ, ಕೌರವನು ನೀರಿಗಿಳಿಯುವ ಮುನ್ನ ಒಮ್ಮೆ ಹಿಂದಿರುಗಿ ನೋಡಲು ಭಾಗವತರು ಎರಡು ಪದ್ಯಗಳಷ್ಟಾದರೂ ಕಾಲವನ್ನು ಕೊಡುವುದು ಸಾಧ್ಯವಿದೆ.